ಪುಕ್ಕಟೆ ಮೋಡದಲ್ಲಿ ಮದುವೆ ಫೋಟೋ

ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಅನ್ನುವ ಜಾತಿ ನಾನು. ಹಾಗಾಗಿ ಇಂಥ ಫಜೀತಿಗಳು ನನ್ನನ್ನೇ ಹುಡುಕಿಕೊಂಡು ಬರುತ್ತವೆ. ಹುಣಸೂರಿನಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದಾಗ ಒಂದು ಇಡೀ ಆಷಾಢ ನನಗೆ ಊಟ ಸೇರದ ಹಾಗೆ ಮಾಡಿದ್ದೂ ಒಂದು ಪುಕ್ಕಟೆ ವಸ್ತುವೇ.

೧. ಊಟ ಪುಕ್ಕಟೆ

ರೀಲು ಹೋಗಿ ಡಿಜಿಟಲ್ ಕ್ಯಾಮೆರಾ ಬಂದಿತ್ತು. ಮದುವೆ ಫೋಟೋ ತುಂಬಿ ತುಂಬಿ ನಮ್ಮ ಕಂಪ್ಯೂಟರ್ ಏರು ಹತ್ತುವ ಹಳೇ ಲಾರಿಯ ಹಾಗೆ ನರಳುತ್ತಿತ್ತು. ಆಗ ಫೋಟೋ ತೆಗೆಯುವ ನನ್ನ ಪಾಲುದಾರ, ಅಂತರಸಂತೆ ಕಡೆಯವನು, ಒಂದು ಸುದ್ದಿ ತಂದ.

"ಅಣ್ಣ, ಇಂಟರ್ನೆಟ್‌ನಾಗೆ ಕ್ಲೌಡ್ ಅಂತ ಬಂದೈತೆ. ಕ್ಲೌಡ್ ಅಂದ್ರೆ ಮೋಡ. ನಮ್ ಫೋಟೋ ಎಲ್ಲಾ ಅವ್ರ ಕಂಪ್ಯೂಟರ್‌ನಲ್ಲೇ ಇಟ್ಕತಾರೆ. ಒಂದು ತಿಂಗ್ಳು ಟ್ರಯಲ್, ಪುಕ್ಸಟ್ಟೆ!"

ಅವನೇ ಖಾತೆ ತೆರೆಯಲು ಕೂತ. ಅದು ಕ್ರೆಡಿಟ್ ಕಾರ್ಡ್ ಕೇಳಿತು. ತಿಂಗಳೊಳಗೆ ರದ್ದು ಮಾಡಿದರೆ ಪೈಸೆಯೂ ಇಲ್ಲ. ಮರೆತರೆ ವರ್ಷದ ಬಾಡಿಗೆಯನ್ನು ಕಾರ್ಡಿನಿಂದ ತಾನೇ ಎಳೆದುಕೊಳ್ಳುತ್ತದಂತೆ. ರದ್ದು ಮಾಡಿದರೆ ಒಳಗಿರುವ ಫೋಟೋಗಳೂ ಅಳಿಸಿಹೋಗುತ್ತವಂತೆ. ನಮ್ಮ ಬೀದಿಯಲ್ಲಿ ಕಾರ್ಡ್ ಇದ್ದದ್ದು ಪಕ್ಕದ ಮನೆಯ ನಿವೃತ್ತ ಕನ್ನಡ ಮೇಷ್ಟ್ರ ಹತ್ತಿರ ಮಾತ್ರ. ಬ್ಯಾಂಕಿನವರು ಬಲವಂತವಾಗಿ ಕೊಟ್ಟಿದ್ದನ್ನು ಅವರು ದೇವರ ಗೂಡಿನಲ್ಲಿಟ್ಟಿದ್ದರು.

"ಫ್ರೀ ಅಂದ್ಮೇಲೆ ಕಾರ್ಡ್ ಯಾಕ್ರೀ?" ಎಂದರು ಮೇಷ್ಟ್ರು.

"ನಂಬಿಕೆಗೆ ಸಾ. ಉಣ್ಸೂರಲ್ಲಿ ನಿಮ್ಮಷ್ಟು ನಂಬಿಕಸ್ತರು ಯಾರವ್ರೆ?" ಎಂದ ಪಾಲುದಾರ.

ಮೇಷ್ಟ್ರಿಗೆ ಕಾರ್ಡೇ ಮರೆತುಹೋಯಿತು. "ಉಣ್ಸೂರಲ್ಲ ಕಣಯ್ಯಾ, ಹುಣಸೂರು! ನಿಮ್ಮ ಬಾಯಲ್ಲಿ ಹ ಅನ್ಸೋದಕ್ಕೇ ಎಷ್ಟು ಬೆತ್ತ ಸವೆಸಿದೀನಿ!"

ಕೊನೆಗೆ ಕಾರ್ಡು ಕೊಟ್ಟರು. ಆದರೆ ನಂಬರ್ ಒತ್ತಿ ಮುಗಿಯುವವರೆಗೂ ಅದರ ಒಂದು ತುದಿಯನ್ನು ಬಿಡಲಿಲ್ಲ. "ಊಟ ಪುಕ್ಕಟೆ, ಚಪ್ಪಲಿ ಮಾತ್ರ ನಮ್ಮ ಕೈಲಿ ಕೊಟ್ಟು ಒಳಗೆ ಬನ್ನಿ ಅಂದಂಗಾಯ್ತು" ಎಂದು ಗೊಣಗಿಕೊಂಡು ಹೋದರು.

೨. ಸೊಸೆ ಇಲ್ಲದ ತಿಂಗಳು

ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪಿನ ರೈತರೊಬ್ಬರ ಮಗಳ ಮದುವೆಯನ್ನು ಮೊದಲು ಮೋಡಕ್ಕೆ ಏರಿಸಿದೆವು. ಇನ್ನು ಮುಂದಿನ ಮದುವೆಗಳನ್ನೆಲ್ಲ ಏರಿಸುವುದೇ ಎಂದು ನಾನು ಬೀಗುತ್ತಿದ್ದೆ. ಹೆಂಡತಿ ಕ್ಯಾಲೆಂಡರ್ ತೋರಿಸಿದಳು.

"ನಾಳೆಯಿಂದ ಆಷಾಢ. ಯಾರ್ರೀ ಮದುವೆ ಆಗ್ತಾರೆ?"

ಟ್ರಯಲ್ಲಿನ ತಿಂಗಳ ಲೆಕ್ಕ ಆಗಲೇ ಶುರುವಾಗಿಬಿಟ್ಟಿತ್ತು.

"ಟ್ರಯಲ್ಲು ಶ್ರಾವಣದಿಂದ ಹಿಡ್ಕೊಳ್ಳಿ ಅಂತ ಅವರಿಗೆ ಹೇಳೋಕಾಗಲ್ವಾ?" ಎಂದಳು.

"ಅವರಿಗೆ ಆಷಾಢ ಅಂದ್ರೇನು ಅಂತಲೇ ಗೊತ್ತಿಲ್ಲ ಕಣೇ."

"ಆಷಾಢದಲ್ಲಿ ಹೊಸ ಸೊಸೇನೇ ಅತ್ತೆ ಮನೇಲಿರಲ್ಲ, ತೌರಿಗೆ ಓಡ್ತಾಳೆ. ನಿಮ್ಮ ಪುಕ್ಕಟೆ ಲಕ್ಷ್ಮಿ ಇರ್ತಾಳಾ?"

೩. ವಕೀಲರು ಯಾರು?

ಆ ಮದುಮಗಳೂ ತೌರಿಗೆ ಬಂದಿದ್ದಳು. ಶ್ರಾವಣಕ್ಕೆ ಅವಳನ್ನು ಆಲ್ಬಮ್ ಸಮೇತವೇ ಗಂಡನ ಮನೆಗೆ ಕಳಿಸಬೇಕೆಂಬುದು ಅವಳ ಅಪ್ಪನ ಹಟ. ಬೀಗರು ಫೋನ್ ಮಾಡಿದಾಗಲೆಲ್ಲ ಮೊದಲು ಆಲ್ಬಮ್ಮನ್ನೇ ಕೇಳುತ್ತಿದ್ದರಂತೆ.

ಅಷ್ಟರಲ್ಲಿ ನಮ್ಮ ಕಂಪ್ಯೂಟರ್ ಟಪ್ಪೆಂದು ಸತ್ತಿತು. ಕ್ಯಾಮೆರಾದಲ್ಲಿದ್ದುದನ್ನು ನಾವು ಎಂದೋ ಅಳಿಸಿದ್ದೆವು. ಆ ಹುಡುಗಿಯ ಮದುವೆ ಉಳಿದಿದ್ದದ್ದು ಮೋಡದಲ್ಲಿ ಮಾತ್ರ. ಮೋಡವೋ, ತಿಂಗಳೊಳಗೆ ರದ್ದಾಗಿ ಕರಗಲೇಬೇಕಾದದ್ದು, ಇಲ್ಲದಿದ್ದರೆ ಮೇಷ್ಟ್ರ ಕಾರ್ಡಿಗೆ ಕತ್ತರಿ. ನನಗೆ ಭಯದಲ್ಲಿ ತುತ್ತು ಇಳಿಯುತ್ತಿರಲಿಲ್ಲ. ಬೆಳಗಾದರೆ ಮೇಷ್ಟ್ರು ಬಾಗಿಲಲ್ಲಿ ನಿಂತು "ರದ್ದು ಮಾಡಿದ್ರಾ?" ಎನ್ನುತ್ತಿದ್ದರು. ಅವರು ಹೋದರೆ ಹುಡುಗಿಯ ಅಪ್ಪ.

"ಫೋಟೋ ಎಲ್ಲವೆ ಸ್ವಾಮಿ?"

"ಭದ್ರವಾಗಿವೆ ಯಜಮಾನ್ರೇ. ಟ್ರಯಲ್‌ನಲ್ಲಿವೆ."

ಅವರ ಮುಖ ಬಿಳಿಚಿಕೊಂಡಿತು. "ನಮ್ ಜಮೀನ್ ಕೇಸು ನಮ್ಮಪ್ಪನ ಕಾಲ್ದಿಂದ ಟ್ರಯಲ್‌ನಲ್ಲೇ ಐತೆ. ನನ್ ಮಗಳ ಮದ್ವೇನೂ ಟ್ರಯಲ್‌ಗೆ ಆಕ್ಬುಟ್ರಾ?"

ಇದು ಆ ಟ್ರಯಲ್ ಅಲ್ಲ ಎಂದು ಬಿಡಿಸಿ ಬಿಡಿಸಿ ಹೇಳಿದೆ. ಎಲ್ಲ ಕೇಳಿ, ಅರ್ಥವಾಯಿತೆಂದು ತಲೆಯಾಡಿಸಿದರು.

"ಆಯ್ತು ಬುಡಿ. ವಕೀಲ್ರು ಯಾರು, ಅದ್ ಯೋಳಿ."

೪. ಹ

ಅಂತೂ ದುಡ್ಡು ಹೊಂದಿಸಿ ಟ್ರಯಲ್ಲಿನ ಕೊನೇ ದಿನ ಬೇರೆ ಕಂಪ್ಯೂಟರ್ ತಂದು ಕೂತೆ. ಫೋಟೋ ಇಳಿಸಿಕೊಳ್ಳಬೇಕು, ಆಮೇಲೆ ಖಾತೆ ರದ್ದು ಮಾಡಬೇಕು. ಅದು ಪಾಸ್‌ವರ್ಡ್ ಕೇಳಿತು. ಅಲ್ಲಿಯವರೆಗೆ ಹಳೇ ಕಂಪ್ಯೂಟರೇ ಅದನ್ನು ನೆನಪಿಟ್ಟುಕೊಂಡಿತ್ತು. ಪಾಲುದಾರ ಕಾಕನಕೋಟೆ ಕಡೆ ನೆಂಟರ ಮನೆಗೆ ಹೋಗಿದ್ದ, ಅಲ್ಲಿ ಮೊಬೈಲ್ ಸಿಗುತ್ತಿರಲಿಲ್ಲ. 'ಅಂಗ್ಡಿ ಇರೋ ಊರೆಸ್ರೇ ಪಾಸ್‌ವರ್ಡು' ಎಂದು ಅವನು ಎಂದೋ ಹೇಳಿದ್ದು ಮಾತ್ರ ನೆನಪಿತ್ತು.

ಇಂಗ್ಲಿಷಿನಲ್ಲಿ ಹುಣಸೂರು ಎಂದು ಒತ್ತಿದೆ. ತಪ್ಪು. ಅದನ್ನೇ ತಿರುಗಿಸಿ ಮುರುಗಿಸಿ ಒತ್ತಿದೆ. ತಪ್ಪು. ಮತ್ತೆ ತಪ್ಪಿದರೆ ಖಾತೆಗೆ ಬೀಗ ಎಂದು ಕೆಂಪಕ್ಷರ ಬಂತು. ಎಡಗಡೆ ಮೇಷ್ಟ್ರು ಬೆವರುತ್ತಿದ್ದರು, ಬಲಗಡೆ ಹುಡುಗಿಯ ಅಪ್ಪ. "ಬರಿಗೈಲಿ ಎಂಗ್ ಕಳಿಸ್ಲಿ ಸ್ವಾಮಿ ಮಗೀನಾ?" ಎಂದು ಅವರು ಕೇಳುತ್ತಲೇ ಇದ್ದರು.

ಪುಣ್ಯಕ್ಕೆ ಪಾಲುದಾರ ಅಂತರಸಂತೆಗೆ ಬಂದವನು ತಾನೇ ಫೋನ್ ಮಾಡಿದ.

"ಪಾಸ್‌ವರ್ಡ್ ಏನ್ಲಾ?"

"ಉಣ್ಸೂರು ಕಣಣ್ಣ."

"ಅದನ್ನೇ ಹಾಕಿದೆ ಕಣೋ, ತಗೊಳ್ತಿಲ್ಲ! ಮೊದಲು ಎಚ್..."

"ಎಚ್ ಯಾಕಣ್ಣ? ಉಣ್ಸೂರಲ್ಲಿ ಎಚ್ ಎಲ್ಲೈತೆ?"

ಎಚ್ ಬಿಟ್ಟು ಒತ್ತಿದೆ. ತೆರೆಯಿತು. ಮೊದಲ ಫೋಟೋದಲ್ಲೇ ಧಾರೆ ಎರೆಯುತ್ತಾ ಆ ಅಪ್ಪ ಕಣ್ತುಂಬಿಕೊಂಡು ನಿಂತಿದ್ದರು. ಫೋಟೋ ನೋಡುತ್ತಿದ್ದ ಅಪ್ಪನೂ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. ನನಗೂ ಅಳು ಬಂತು. ಎಲ್ಲ ಫೋಟೋ ಸೀಡಿಗೆ ಇಳಿಸಿ ಅವರ ಕೈಗೇ ಒಂದು ಕೊಟ್ಟೆ.

"ಈಗಲಾದ್ರೂ ರದ್ದು ಮಾಡ್ರೀ!" ಎಂದರು ಮೇಷ್ಟ್ರು.

ರದ್ದು ಮಾಡುವ ಮುನ್ನ ಅದು ಮತ್ತೊಮ್ಮೆ ಪಾಸ್‌ವರ್ಡ್ ಕೇಳಿತು. ಗಾಬರಿಯಲ್ಲಿ ನನ್ನ ಬೆರಳು ಸೀದಾ ಎಚ್ ಮೇಲೆ ಹೋಯಿತು. ಮೇಷ್ಟ್ರು ಹಾರಿಬಂದು ನನ್ನ ಕೈ ಹಿಡಿದು ಇಡೀ ಬೀದಿಗೆ ಕೇಳುವ ಹಾಗೆ ಕೂಗಿದರು:

"ಏಯ್, ಹ ಬುಡಯ್ಯಾ! ಹುಣಸೂರಲ್ಲ ಕಣಯ್ಯಾ, ಉಣ್ಸೂರು! ಉಣ್ಸೂರು!"