ತೊಳೆದದ್ದೇ ತಪ್ಪು

ಅಕ್ಕನ ಕಾರನ್ನು ತೊಳೆಯಬೇಕೆಂಬ ಬುದ್ಧಿ ಪುಟ್ಟನಿಗೆ ಯಾಕೆ ಬಂತೋ, ಆ ಭಾನುವಾರ ಬೆಳಿಗ್ಗೆ ಬಂತು. ಮೂವತ್ತು ದಾಟಿ ಒಂದು ಮಗುವಿನ ತಂದೆಯಾಗಿದ್ದರೂ ಮನೆಯವರಿಗೂ ಬೀದಿಯವರಿಗೂ ಅವನು ಪುಟ್ಟನೇ. ಮುಂದಿನ ವಾರ ಹೆಂಡತಿ ತವರಿನಿಂದ ಎಳೆಗೂಸನ್ನು ಎತ್ತಿಕೊಂಡು ರೈಲಿನಲ್ಲಿ ಬರುವವಳಿದ್ದಳು. ಸ್ಟೇಷನ್ನಿಗೆ ಕಾರು ತಾರದೆ ಆ ಹಳೇ ಸ್ಕೂಟರಿನಲ್ಲಿ ಬಂದರೆ ಅದೇ ರೈಲು ಹತ್ತಿ ವಾಪಸ್ಸು ಹೋಗುತ್ತೇನೆಂದು ಫೋನಿನಲ್ಲೇ ಹೇಳಿಬಿಟ್ಟಿದ್ದಳು. ಮಗಳನ್ನು ನೋಡದೆ ಪುಟ್ಟನಿಗೆ ಅನ್ನ ಸೇರುತ್ತಿರಲಿಲ್ಲ. ಅಕ್ಕನನ್ನು ಕಾಡಿ ಬೇಡಿ, ಕೈ ಪಳಗಲೆಂದು ಒಂದು ದಿನದ ಮಟ್ಟಿಗೆ ಕಾರು ತಂದಿದ್ದ. ಸಂಜೆ ಅದು ಫಳಫಳ ಹೊಳೆಯುತ್ತಿದ್ದರೆ ಮುಂದಿನ ವಾರ ಅಕ್ಕ ಇಲ್ಲವೆನ್ನಲಾರಳು ಎಂಬುದು ಅವನ ಲೆಕ್ಕಾಚಾರ.

ಕಾರು ಬಿಳಿಯದೆಂದು ಹೇಳಿದರೆ ಯಾರೂ ನಂಬುವ ಹಾಗಿರಲಿಲ್ಲ. ದಿನಾ ಅದನ್ನು ಓಡಿಸುವ ಭಾವ ಈಚೆಗೆ ನೀರು ಪೋಲು ಮಾಡಬಾರದೆಂಬ ವ್ರತ ಹಿಡಿದಿದ್ದರು.

ಪುಟ್ಟ ಬಕೆಟ್ಟು ಕೆಳಗಿಟ್ಟ ಸದ್ದಿಗೇ ಮಹಡಿಯ ನಿವೃತ್ತ ಮೇಷ್ಟ್ರು ಇಳಿದು ಬಂದರು. ಜನ್ಮದಲ್ಲಿ ಕಾರು ಇಟ್ಟವರಲ್ಲ. ಆದರೆ ಪಾಠ ಹೇಳುವುದಕ್ಕೆ ಕಾರು ಯಾಕೆ ಬೇಕು? ಸೋಪಿನ ನೀರಿಗೊಂದು ಬಕೆಟ್ಟು, ಬಟ್ಟೆ ಜಾಲಿಸಲು ಇನ್ನೊಂದು. ಮೇಲಿನಿಂದ ಶುರುಮಾಡಿ ಕೆಳಕ್ಕೆ ಬರಬೇಕು, ಬಂಪರು ಕಟ್ಟಕಡೆಗೆ ಎಂದರು. ಕಾರಿನ ನೆತ್ತಿಯನ್ನು ಸರಿಯಾಗಿ ಉಜ್ಜಿಲ್ಲವೆಂದು ಇನ್ನೊಮ್ಮೆ ಉಜ್ಜಿಸಿದರು. ಅಷ್ಟರಲ್ಲಿ ಎದುರುಮನೆಯ ಟೈಲರ್ ಬಂದು, ಟವೆಲ್ಲಿನಲ್ಲಿ ಒರೆಸಿದರೆ ನೂಲು ಅಂಟುತ್ತದೆಂದು ತಮ್ಮ ಅಂಗಡಿಯ ತುಂಡುಬಟ್ಟೆಯ ಗಂಟನ್ನೇ ತಂದುಕೊಟ್ಟರು.

ಎಡಗಡೆಯ ಬಾಗಿಲು ಒರೆಸುತ್ತಿದ್ದ ಪುಟ್ಟನ ಕೈ ಅಲ್ಲೇ ನಿಂತಿತು. ಬಾಗಿಲಿನುದ್ದಕ್ಕೂ ಒಂದು ಗೀರು. ಕೈಯಲ್ಲಿದ್ದ ಬಟ್ಟೆಯನ್ನು ತಿರುಗಿಸಿದರೆ, ಮೂಲೆಯಲ್ಲಿ ಪ್ಯಾಂಟಿನ ಕಬ್ಬಿಣದ ಹುಕ್ಕೊಂದು ಹಾಗೇ ಉಳಿದಿತ್ತು.

ತಮ್ಮ ಹೆಸರು ಕೆಡುತ್ತದೆಂದು ಟೈಲರ್ ಓಡಿಹೋಗಿ ಬಟ್ಟೆಗೆ ಗುರುತು ಹಾಕುವ ಬಿಳಿ ಸೀಮೆಸುಣ್ಣ ತಂದು ಗೀರಿಗೆ ತೀಡತೊಡಗಿದರು. ಮೇಷ್ಟ್ರಿಗೆ ಸಹಿಸಲಾಗಲಿಲ್ಲ.

"ನಿಮ್ಮದು ಉದುರಿಹೋಗ್ಲಿ ಅಂತಲೇ ಮಾಡಿದ ಸುಣ್ಣ ಕಣ್ರೀ," ಎಂದು ಅವರು ಶಾಲೆಯ ಕಾಲದ ಸೀಮೆಸುಣ್ಣದ ಡಬ್ಬಿ ತಂದರು.

"ನಿಮ್ಮದೇನು ಬೋರ್ಡಿನ ಮೇಲೆ ಇನ್ನೂ ಇದೆಯಾ?" ಎಂದರು ಟೈಲರ್.

ಕೊನೆಗೆ ರಾಜಿಯಾಗಿ ಇಬ್ಬರದ್ದನ್ನೂ ಬಳಿದದ್ದಾಯಿತು. ದೂರದಿಂದ ನೋಡಿದರೆ ಗೀರು ಕಾಣುತ್ತಿರಲಿಲ್ಲ. ಈ ಗಡಿಬಿಡಿಯಲ್ಲಿ ಹಿಂದಿನ ಬಂಪರು ತೊಳೆಯುವುದು ಮರೆತೇಹೋಯಿತು.

ಸಂಜೆ ಅಕ್ಕ, ಭಾವ ಬಂದರು. ಅಕ್ಕನ ಮುಖ ಊರಗಲವಾಯಿತು. ಮುಂದಿನ ವಾರ ನೀನೇ ತಗೊಂಡು ಹೋಗಪ್ಪ ಎಂದುಬಿಟ್ಟಳು. ಭಾವನ ಮುಖ ಮಾತ್ರ ಯಾಕೋ ಬಿಳಿಚಿಕೊಂಡಿತು. ಪುಟ್ಟ ಇನ್ನೂ ಉಸಿರು ಬಿಟ್ಟಿರಲಿಲ್ಲ, ಅಕ್ಕ ಕಾರಿನ ಬಾಗಿಲ ಹತ್ತಿರ ಹೋಗಿ, ಇಲ್ಲೇನೋ ಪುಡಿ ಅಂಟಿದೆಯಲ್ಲ ಎನ್ನುತ್ತ ಕರ್ಚೀಫಿನಿಂದ ಉಜ್ಜಿದಳು.

ಗೀರು ಬಯಲಾಯಿತು. ಪಕ್ಕದಲ್ಲೇ ನಿಂತಿದ್ದ ಟೈಲರಿಗೆ ಅಂಗಡಿ ನೆನಪಾಯಿತು. ಮೇಷ್ಟ್ರಿಗೆ ಒಲೆಯ ಮೇಲಿಟ್ಟ ಹಾಲು ನೆನಪಾಯಿತು. ಪುಟ್ಟ ಒಬ್ಬನೇ ನಿಂತು ಬಾಯಿಬಿಟ್ಟ.

"ನನ್ನಿಂದಾನೇ ಆಗಿದ್ದು ಅಕ್ಕ. ಒರೆಸೋ ಬಟ್ಟೇಲಿ ಹುಕ್ಕಿತ್ತು."

ಅಕ್ಕ ಬಾಯಿ ತೆರೆಯುವ ಮೊದಲೇ ಭಾವ ಅವನ ಹೆಗಲ ಮೇಲೆ ಕೈಹಾಕಿ, ಹೋಗಲಿ ಬಿಡು, ಹುಡುಗ ಒಪ್ಪಿಕೊಂಡನಲ್ಲ ಎಂದು ಬಹಳ ದೊಡ್ಡ ಮನಸ್ಸಿನಿಂದ ಹೇಳಿ ಪಕ್ಕಕ್ಕೆ ಕರೆದೊಯ್ದರು.

"ಅದು ಆಫೀಸು ಗೇಟಿಗೆ ನಾನೇ ಉಜ್ಜಿದ್ದು ಕಣೋ," ಎಂದು ಪಿಸುಗುಟ್ಟಿದರು. "ಇಷ್ಟು ದಿನ ಧೂಳಲ್ಲಿ ಮುಚ್ಚಿಟ್ಟು ಕಾಪಾಡಿದ್ದೆ. ತೊಳಿ ಅಂತ ನಿನಗ್ಯಾರಪ್ಪ ಹೇಳಿದ್ದು? ಹೆಂಗೂ ಒಪ್ಪಿಕೊಂಡಿದ್ದೀಯ, ಹಾಗೇ ಇದ್ದುಬಿಡು."

ಪುಟ್ಟನಿಗೆ ಸಿಟ್ಟು, ಅಳು ಎರಡೂ ಒಟ್ಟಿಗೇ ಬಂದವು. ನಿಜ ಹೇಳಿದರೆ ಭಾವನ ಮನೆ ರಣರಂಗ, ಹೇಳದಿದ್ದರೆ ತನ್ನದು. ಅವನು ನುಂಗಿಕೊಂಡ.

ಅಕ್ಕ ತೀರ್ಪು ಕೊಟ್ಟಳು. "ಇನ್ನು ನಿನ್ನ ಕೈಗೆ ಗಾಡಿ ಇಲ್ಲ. ನಿಮ್ಮ ಭಾವನ್ನ ನೋಡಿ ಕಲಿ, ಇಷ್ಟು ವರ್ಷದಲ್ಲಿ ಒಂದು ಗೀರು ಬಿದ್ದಿರಲಿಲ್ಲ. ತೊಳೆಯೋದೇನೋ ಚೆನ್ನಾಗಿ ತೊಳಿತೀಯ. ಇನ್ಮೇಲೆ ಪ್ರತಿ ಭಾನುವಾರ ಮನೆಗೆ ಬಂದು ತೊಳೆದು ಹೋಗು. ನೋಡು, ಹಿಂದಿನ ಬಂಪರು ಮುಟ್ಟೇ ಇಲ್ಲ."

ಹೆಂಡತಿಗೆ ಏನು ಹೇಳುವುದೆಂದು ಯೋಚಿಸುತ್ತ ಪುಟ್ಟ ಖಾಲಿ ಬಕೆಟ್ಟುಗಳನ್ನು ಎತ್ತಿಕೊಂಡ. ಕಾರು ಹೊರಡುವ ಮುಂಚೆ ಭಾವ ಕಿಟಕಿಯಿಂದ ತಲೆ ಹೊರಹಾಕಿ, ಅಕ್ಕನಿಗೆ ಕೇಳದ ಹಾಗೆ ಕರೆದರು.

"ಆ ಬಂಪರ್ ಮಾತ್ರ ತೊಳಿಬೇಡ ಮಾರಾಯ. ತೊಳೆದರೆ ಅದನ್ನೂ ನೀನೇ ಒಪ್ಪಿಕೋಬೇಕಾಗುತ್ತೆ."