ಬೀಗ-ಚಿಲಕ ನಿಗಮದ ಅಣಬೆ ಪುಡಿಯೂ ಗಿರಿಜಾದೇವಿಯವರ ಕಾಮಾಲೆಯೂ

ತುರ್ತು ಪರಿಸ್ಥಿತಿಯ ಎರಡನೆಯ ವರ್ಷದಲ್ಲಿ, ರಾಜಾಜಿನಗರದ ಬೀಗ ಮತ್ತು ಚಿಲಕ ನಿಗಮದಲ್ಲಿ ಕಾಯಿಲೆಯನ್ನು ನಿಲ್ಲಿಸಲಾಯಿತು.

ಅದಕ್ಕೆ ಮೊದಲು ಎಲ್ಲ ಕಡೆ ಇರುವಂತೆ ಅಲ್ಲಿಯೂ ಕಾಯಿಲೆ ಇತ್ತು. ಮಳೆಗಾಲದಲ್ಲಿ ಪಾಲಿಶಿಂಗ್ ವಿಭಾಗಕ್ಕೆ ಕೆಮ್ಮು ಬರುತ್ತಿತ್ತು, ಹಬ್ಬದ ಮಾರನೆಯ ದಿನ ಲೆಕ್ಕಪತ್ರ ವಿಭಾಗಕ್ಕೆ ಹೊಟ್ಟೆನೋವು ಬರುತ್ತಿತ್ತು, ಊರಿನಲ್ಲಿ ಟೆಸ್ಟ್ ಮ್ಯಾಚ್ ನಡೆದರೆ ಅಧಿಕಾರಿಗಳನ್ನೂ ಒಳಗೊಂಡು ಎಲ್ಲರಿಗೂ ಜ್ವರ ಬರುತ್ತಿತ್ತು. ಇದರಿಂದ ಉತ್ಪಾದನೆ ಕುಸಿದಿದೆಯೆಂದು ಮೇಲಿನಿಂದ ಪತ್ರ ಬಂದಿತು. ವ್ಯವಸ್ಥಾಪಕ ನಿರ್ದೇಶಕರಾದ ಗೋಪೀನಾಥರು ಆಗತಾನೆ ಜಪಾನಿನಿಂದ ಹಿಂತಿರುಗಿದ್ದರು. ಬೀಗ ಮಾಡುವ ಯಂತ್ರವನ್ನು ನೋಡಿ ಬರಲು ಅವರನ್ನು ಕಳಿಸಲಾಗಿತ್ತು. ಯಂತ್ರ ನೋಡಲು ಅವರಿಗೆ ಸಮಯ ಸಿಗಲಿಲ್ಲ. ಆದರೆ ಅಲ್ಲಿನ ಮುದುಕರು ಬಸ್ಸಿನ ಹಿಂದೆ ಓಡಿ ಹತ್ತುವುದನ್ನು ಅವರು ಕಣ್ಣಾರೆ ಕಂಡಿದ್ದರು. ಕಾರಣ ಕೇಳಿದ್ದಕ್ಕೆ ಯಾರೋ ಅಣಬೆ ಎಂದಿದ್ದರು.

ಗೋಪೀನಾಥರ ಬಾಮೈದ ಸೇತುರಾಮ ಉಲ್ಲಾಳದ ಹತ್ತಿರ ಕೋಳಿ ಸಾಕಿದ್ದ. ಕೋಳಿಗಳೆಲ್ಲ ಸತ್ತ ಮೇಲೆ ಅದೇ ಶೆಡ್ಡಿನಲ್ಲಿ ಭತ್ತದ ಹುಲ್ಲು ಹರಡಿ ಅಣಬೆ ಬೆಳೆಸುತ್ತಿದ್ದ. ನಿಗಮಕ್ಕೆ ಅಣಬೆ ಬೇಕಾದ ಹೊತ್ತಿಗೇ ನಿರ್ದೇಶಕರ ಬಾಮೈದನ ಬಳಿ ಅಣಬೆ ಇದ್ದದ್ದು ಕೇವಲ ಕಾಕತಾಳೀಯವೆಂದು ಆಡಳಿತ ಮಂಡಳಿ ಸರ್ವಾನುಮತದಿಂದ ಠರಾವು ಮಾಡಿತು. ಶೆಡ್ಡಿನಲ್ಲಿ ಸೇತುರಾಮ ಬಿತ್ತಿದ ಅಣಬೆಗಳೂ ಇದ್ದವು, ತಾವಾಗಿಯೇ ಹುಟ್ಟಿದವೂ ಇದ್ದವು. ಅವನು ಭೇದ ಮಾಡದೆ ಎಲ್ಲವನ್ನೂ ಒಣಗಿಸಿ ಪುಡಿ ಮಾಡಿ ಡಬ್ಬಿಗೆ ತುಂಬಿದ. "ಬಂದೋರನ್ನ ಆಚೆ ಹಾಕೋಕಾಗುತ್ತಾ ಭಾವ?" ಎಂದು ಕೇಳಿದ. ಭಾವನಿಗೂ ಅದು ಸರಿಯೆನಿಸಿತು.

ಒಂದು ತೊಡಕು ಬಂತು. ನಿಗಮದ ನೌಕರರಲ್ಲಿ ಬಹುಪಾಲು ಜನರ ಮನೆಗಳಲ್ಲಿ ನಾಯಿಕೊಡೆಯನ್ನು ಒಳಗೆ ತರುವಂತಿರಲಿಲ್ಲ. ಸಿಬ್ಬಂದಿ ಅಧಿಕಾರಿ ರೇವಣಸಿದ್ದಯ್ಯನವರು, ಸ್ವತಃ ಬೆಳಿಗ್ಗೆ ಲಿಂಗಪೂಜೆ ಮುಗಿಯದೆ ನೀರು ಮುಟ್ಟದವರು, ಒಂದು ಸುತ್ತೋಲೆ ಬರೆದು ಅದನ್ನು ಬಗೆಹರಿಸಿದರು: "ಅಣಬೆ ಎಂಬ ಪದವನ್ನು ಇನ್ನು ಮುಂದೆ ಆರೋಗ್ಯಛತ್ರವೆಂದು ಓದಿಕೊಳ್ಳತಕ್ಕದ್ದು. ಆರೋಗ್ಯಛತ್ರವು ನಾಯಿಕೊಡೆಯಲ್ಲ. ಇದರ ತಯಾರಿಕೆಯಲ್ಲಿ ಯಾವ ಹಂತದಲ್ಲಿಯೂ ನಾಯಿಯ ಪಾತ್ರವಿರುವುದಿಲ್ಲ. ಸದರಿ ಚೂರ್ಣವನ್ನು ಸೇವಿಸಿದವರು ಆರೋಗ್ಯವಂತರಾಗಿರುವುದರಿಂದ, ಅವರಿಗೆ ಅನಾರೋಗ್ಯ ರಜೆಯ ಅವಶ್ಯಕತೆ ಉದ್ಭವಿಸುವುದಿಲ್ಲ."

ಮರುದಿನದಿಂದ ಗೇಟಿನಲ್ಲಿ ಹಾಜರಿ ಹಾಕುವ ಮೊದಲು ಪ್ರತಿಯೊಬ್ಬರಿಗೂ ಬಿಸಿನೀರಿನಲ್ಲಿ ಕದಡಿದ ಚೂರ್ಣವನ್ನು ಕುಡಿಸಲಾಯಿತು. ಕಾಯಿಲೆ ಇಲ್ಲವಾದ್ದರಿಂದ ನಿಗಮದ ಡಿಸ್ಪೆನ್ಸರಿಯನ್ನು ಮುಚ್ಚಿ ಅಲ್ಲಿ ಡಬ್ಬಿಗಳನ್ನು ಇಟ್ಟರು.

ಸೋಮಲಿಂಗಪ್ಪನವರು ಚಿಲಕ ಪರೀಕ್ಷಾ ವಿಭಾಗದಲ್ಲಿದ್ದರು. ತಯಾರಾಗಿ ಬಂದ ಪ್ರತಿ ಚಿಲಕವನ್ನೂ ತೆಗೆದು, ಹಾಕಿ, ಅದರ ಸದ್ದು ಕೇಳುವುದು ಅವರ ಕೆಲಸ. ದಾವಣಗೆರೆ ಕಡೆಯವರು. ಹೆಂಡತಿ ಗಿರಿಜಾದೇವಿಯೊಡನೆ ಬಸವೇಶ್ವರನಗರದಲ್ಲಿ ಒಂದು ಮನೆಯ ಹಿಂದಿನ ಪೋರ್ಷನ್ನಿನಲ್ಲಿ ಬಾಡಿಗೆಗಿದ್ದರು. ಆಫೀಸು ಹೇಳಿದ್ದನ್ನು ನಂಬುವ ಸ್ವಭಾವ ಅವರದು. ಚೂರ್ಣವನ್ನೂ ನಂಬಿದರು, ಗುಣವನ್ನೂ ಕಂಡರು. ಮಧ್ಯಾಹ್ನದ ತೂಕಡಿಕೆ ಹೋಯಿತು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿರಲಿಲ್ಲ. ಚೂರ್ಣ ಕುಡಿದ ಮೇಲೆ ಒಂದು ಗಂಟೆ ಏನನ್ನೂ ತಿನ್ನಬಾರದೆಂಬ ನಿಯಮದಿಂದ ಕ್ಯಾಂಟೀನಿನ ಬೆಳಗಿನ ಬೋಂಡ ನಿಂತದ್ದೇ ಇದಕ್ಕೆ ಕಾರಣವಿರಬಹುದೆಂದು ಗಿರಿಜಾದೇವಿ ಹೇಳಿ ನೋಡಿದರು. ಸೋಮಲಿಂಗಪ್ಪನವರು ಒಪ್ಪಲಿಲ್ಲ. ಸ್ವಾತಂತ್ರ್ಯ ದಿನಾಚರಣೆಯಂದು ವೇದಿಕೆ ಹತ್ತಿ ತಮ್ಮ ಅನುಭವ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ಸೋಮಲಿಂಗಪ್ಪನವರಿಗಾಗಿ ಯಾರಾದರೂ ಚಪ್ಪಾಳೆ ತಟ್ಟಿದ್ದು ಅದೇ ಮೊದಲು. ಅಂದಿನಿಂದ ಅವರು ಒಂದು ಡಬ್ಬಿ ಮನೆಗೂ ತಂದು ರಾತ್ರಿ ಇನ್ನೊಂದು ಚಮಚ ಕುಡಿಯತೊಡಗಿದರು.

ದಸರೆ ಕಳೆಯುವ ಹೊತ್ತಿಗೆ ಅವರಿಗೆ ಅನ್ನ ಸೇರದಾಯಿತು. ಮೈಯೆಲ್ಲ ನವೆ. ಕಣ್ಣು ಹಳದಿಯಾಗಿದೆಯೆಂದು ಹೆಂಡತಿ ಅಂದಾಗ, "ಬಿಸಿಲಿಗೆ ಹಂಗೆ ಕಾಣುತ್ತೆ ಕಣೇ" ಅಂದರು.

"ಮನೆ ಒಳಗೆ ಎಲ್ಲಿಂದ ಬಂತ್ರೀ ಬಿಸಿಲು?"

"ವೇದಿಕೆ ಮೇಲೆ ನಿಂತು ಅಷ್ಟು ಹೇಳಿದೀನಿ ಗಿರಿಜಾ. ಈಗ ನಾನೇ ಮಲಗಿದರೆ ಜನ ಏನಂದಾರು?"

ಗಿರಿಜಾದೇವಿ ಮಾತು ಬೆಳೆಸದೆ ಅವರನ್ನು ಎರಡು ಬೀದಿ ಆಚೆಗಿದ್ದ ಡಾಕ್ಟರ್ ಅಲಮೇಲು ಅವರ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿದರು, ಪಕ್ಕೆಲುಬಿನ ಕೆಳಗೆ ಒತ್ತಿದರು, ಗಿರಿಜಾದೇವಿ ಜೊತೆಗೆ ತಂದಿದ್ದ ಚೂರ್ಣದ ಡಬ್ಬಿಯನ್ನು ಮೂಸಿ ಪಕ್ಕಕ್ಕಿಟ್ಟರು.

"ಅಣಬೆ ಅಂದ್ರೆ ವಿಷ ಅಂತ ನಾನು ಹೇಳಲ್ಲ" ಎಂದರು. "ಊಟಕ್ಕಾಗೋ ಅಣಬೆ ಇದೆ. ಔಷಧಿಗಾಗೋದೂ ಇರಬಹುದು, ಹೊರದೇಶದಲ್ಲಿ ಪರೀಕ್ಷೆ ಮಾಡ್ತಿದಾರೆ. ಮನುಷ್ಯನ್ನ ಮುಗಿಸೋ ಅಣಬೇನೂ ಇದೆ. ಈ ಡಬ್ಬೀಲಿ ಯಾವುದಿದೆ?"

"ಎಲ್ಲಾನೂ ಇದೆಯಂತೆ ಡಾಕ್ಟ್ರೇ" ಎಂದರು ಸೋಮಲಿಂಗಪ್ಪ, ಸ್ವಲ್ಪ ಹೆಮ್ಮೆಯಿಂದಲೇ.

ಡಾಕ್ಟರು ಗಿರಿಜಾದೇವಿಯ ಕಡೆ ತಿರುಗಿದರು. "ಈ ಪುಡಿ ಇವತ್ತೇ ನಿಲ್ಲಬೇಕು. ಇವರು ಮಂಚ ಬಿಟ್ಟು ಏಳಕೂಡದು. ಹೀಗೇ ಓಡಾಡ್ತಾ ಅದನ್ನೇ ಕುಡೀತಾ ಇದ್ರೆ ಲಿವರ್ ಕೈ ಕೊಡುತ್ತೆ. ಆಮೇಲೆ ನನ್ನ ಹತ್ರ ಬಂದು ಪ್ರಯೋಜನ ಇಲ್ಲ."

ಸೋಮಲಿಂಗಪ್ಪನವರು ರಜೆಯ ಅರ್ಜಿ ಹಿಡಿದು ರೇವಣಸಿದ್ದಯ್ಯನವರ ಮುಂದೆ ನಿಂತರು.

"ಕಾಯಿಲೆ ಅಂತ ಬರ್ದಿದೀರಲ್ರೀ. ನಮ್ಮಲ್ಲಿ ಅದಿಲ್ಲ."

"ಕಣ್ಣು ಹಳದಿಯಾಗಿದೆ ಸಾರ್."

ರೇವಣಸಿದ್ದಯ್ಯನವರು ತಲೆಯೆತ್ತಿ ನೋಡಿದರು. ಹಳದಿಯೇ ಆಗಿತ್ತು. ಅವರು ಒಳಗೆ ಹೋಗಿ ಗೋಪೀನಾಥರೊಡನೆ ಸಮಾಲೋಚಿಸಿ ಬಂದರು. ಸಂಜೆಯೊಳಗೆ ನೋಟಿಸ್ ಬೋರ್ಡಿಗೆ ಹೊಸ ಪ್ರಕಟಣೆ ಬಿದ್ದಿತು: "ಆರೋಗ್ಯಛತ್ರವನ್ನು ಶ್ರದ್ಧೆಯಿಂದ ಸೇವಿಸಿದವರಲ್ಲಿ ಕ್ರಮೇಣ ಸುವರ್ಣಾವಸ್ಥೆ ತಲೆದೋರುವುದು. ಕಣ್ಣು, ಉಗುರು ಮತ್ತು ಚರ್ಮಗಳು ಬಂಗಾರದ ಬಣ್ಣ ತಳೆಯುವುದು ಇದರ ಲಕ್ಷಣ. ಈ ಅವಸ್ಥೆಯನ್ನು ಮೊದಲಿಗರಾಗಿ ತಲುಪಿದ ಶ್ರೀ ಸೋಮಲಿಂಗಪ್ಪನವರನ್ನು ನಿಗಮ ಅಭಿನಂದಿಸುತ್ತದೆ. ಅವರಿಗೆ ಒಂದು ವಿಶೇಷ ಇನ್‌ಕ್ರಿಮೆಂಟ್ ಮಂಜೂರಾಗಿದೆ."

ಮರುದಿನ ನೌಕರರ ಸಂಘದ ಬೈರಯ್ಯ ಕೆಲವರನ್ನು ಕಟ್ಟಿಕೊಂಡು ಬಂದ. "ಅವರೂ ಅದೇ ಗೇಟಲ್ಲಿ ಕುಡೀತಾರೆ, ನಾವೂ ಅದೇ ಗೇಟಲ್ಲಿ ಕುಡೀತೀವಿ. ಅವರೊಬ್ರೇ ಹಳದಿ ಆಗೋದು ಯಾವ ನ್ಯಾಯ ಸಾರ್? ಹಳದಿಯಾದರೆ ಎಲ್ಲರೂ ಆಗಬೇಕು" ಎಂದ. ಬೇಡಿಕೆ ನ್ಯಾಯಸಮ್ಮತವಾಗಿದ್ದರಿಂದ ಆಡಳಿತವು ಎಲ್ಲರಿಗೂ ಚಮಚದ ಪ್ರಮಾಣವನ್ನು ಹೆಚ್ಚಿಸಿತು. ಚಿಲಕದ ಸದ್ದು ಕೇಳಲು ಬಗ್ಗಿದ ಸೋಮಲಿಂಗಪ್ಪನವರು ಅಂದು ಮಧ್ಯಾಹ್ನ ಮೇಜಿನ ಮೇಲೆಯೇ ತಲೆಯಿಟ್ಟು ಮಲಗಿಬಿಟ್ಟರು.

ಸುದ್ದಿ ಮುಟ್ಟುತ್ತಲೇ ಗಿರಿಜಾದೇವಿ ತಾವೇ ನಿಗಮಕ್ಕೆ ಬಂದರು. ಗಂಡನನ್ನು ಕಾರಿಡಾರಿನ ಬೆಂಚಿನ ಮೇಲೆ ಕೂರಿಸಿ, ಡಾಕ್ಟರ ಚೀಟಿ ಹಿಡಿದು ಗೋಪೀನಾಥರ ಕೊಠಡಿಗೆ ಹೋದರು. ರೇವಣಸಿದ್ದಯ್ಯನವರೂ ಅಲ್ಲಿದ್ದರು.

"ಸಾರ್, ನೀವು ಕುಡೀತೀರಾ ಈ ಪುಡಿ?"

"ಅಧಿಕಾರಿಗಳಿಗೆ ಅನ್ವಯಿಸೋದಿಲ್ಲಮ್ಮ" ಎಂದರು ಗೋಪೀನಾಥ. "ನಾವು ಕುಡಿದು ನೌಕರರಿಗೆ ಕಡಿಮೆ ಬೀಳಬಾರದು, ನೋಡಿ."

"ನಮ್ಮೋರು ಸಾಯ್ತಾರೆ ಅಂತಿದಾರೆ ಡಾಕ್ಟ್ರು."

"ಹಾಗೆಲ್ಲ ಅನ್ನಬಾರದಮ್ಮ. ನಿನ್ನೆ ತಾನೆ ಇನ್‌ಕ್ರಿಮೆಂಟ್ ಕೊಟ್ಟಿದೀವಿ." ಇಷ್ಟು ಹೇಳಿ ಅವರು ಒಂದು ಸಭೆಗೆ ಹೊರಟುಹೋದರು.

ಗಿರಿಜಾದೇವಿ ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದರು. ರೇವಣಸಿದ್ದಯ್ಯನವರಿಗೆ ಏನಾದರೂ ಸಮಾಧಾನದ ಮಾತು ಆಡಬೇಕೆನಿಸಿತು. ಆದರೆ ಅವರಿಗೆ ಗೊತ್ತಿದ್ದದ್ದು ನಿಯಮಗಳು ಮಾತ್ರ.

"ಕಾಯಿಲೆ ನಿಮಗೆ ಬಂದಿದ್ರೆ ಬೇರೆ ಮಾತಿತ್ತು ತಾಯಿ. ನೀವು ನಿಗಮದ ನೌಕರರಲ್ಲ. ಕಾಯಿಲೆ ಬೀಳೋಕೆ ನಿಮಗೆ ಸಂಪೂರ್ಣ ಸ್ವಾತಂತ್ರ್ಯ ಇದೆ. ಹೆಂಡತಿ ಶುಶ್ರೂಷೆಗೆ ಅಂತ ಅವರಿಗೆ ರಜೆ ಕೊಡಬಹುದು, ಔಷಧಿ ಖರ್ಚೂ ಕೊಡಬಹುದು."

ಗಿರಿಜಾದೇವಿ ಡಾಕ್ಟರ ಚೀಟಿಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಹಂಗಾದ್ರೆ ನನಗೇ ಬಂದಿದೆ. ಬರ್ಕೊಳ್ಳಿ."

"ಏನು ಬಂದಿದೆ?"

"ಕಾಮಾಲೆ."

ರೇವಣಸಿದ್ದಯ್ಯನವರು ಆಕೆಯ ಬೆಳ್ಳನೆಯ ಕಣ್ಣುಗಳನ್ನು ನೋಡಿದರು, ಬಾಗಿಲಾಚೆ ಬೆಂಚಿನ ಮೇಲೆ ಗೋಡೆಗೊರಗಿದ್ದ ಬಂಗಾರದ ಬಣ್ಣದ ಮನುಷ್ಯನನ್ನು ನೋಡಿದರು, ಬರೆದುಕೊಂಡರು.

ಡಾಕ್ಟರ್ ಅಲಮೇಲು ಮೊದಲು ಒಪ್ಪಲಿಲ್ಲ. "ಸುಳ್ಳು ಸರ್ಟಿಫಿಕೇಟ್ ನಾನು ಬರೆಯಲ್ಲಮ್ಮ" ಎಂದರು. "ಸರಿ ಡಾಕ್ಟ್ರೇ, ನಾಳೆಯಿಂದ ಅವರು ಮತ್ತೆ ಗೇಟಲ್ಲಿ ಕುಡೀತಾರೆ" ಎಂದು ಗಿರಿಜಾದೇವಿ ಎದ್ದರು. ಡಾಕ್ಟರು ಅವರನ್ನು ವಾಪಸು ಕರೆದು, ಪೆನ್ನಿಗೆ ಇಂಕು ತುಂಬಿಸಿಕೊಂಡು ಬರೆದುಕೊಟ್ಟರು.

ಶುಶ್ರೂಷೆಯ ರಜೆ ದುರುಪಯೋಗವಾಗದಂತೆ ಮನೆಗೆ ಹೋಗಿ ತಪಾಸಣೆ ನಡೆಸಬೇಕೆಂದು ನಿಯಮವಿತ್ತು. ಒಂದು ಮಧ್ಯಾಹ್ನ ರೇವಣಸಿದ್ದಯ್ಯನವರು ಸ್ಕೂಟರಿನಲ್ಲಿ ಬಸವೇಶ್ವರನಗರಕ್ಕೆ ಬಂದರು. ಮೋಡ ಕವಿದಿದ್ದರೂ ಕಪ್ಪು ಕನ್ನಡಕ ಹಾಕಿದ್ದರು. ಸ್ಕೂಟರಿನ ಸದ್ದು ಕೇಳುತ್ತಲೇ ಗಿರಿಜಾದೇವಿ ಗಂಡನನ್ನು ಮಂಚದಿಂದ ಎಬ್ಬಿಸಿ, ತಾವು ಮಲಗಿ, ಕುತ್ತಿಗೆಯವರೆಗೆ ಕಂಬಳಿ ಎಳೆದುಕೊಂಡರು.

"ರೋಗಿ ಹೇಗಿದಾರೆ?"

"ಪರವಾಗಿಲ್ಲ ಸಾರ್" ಎಂದರು ಸೋಮಲಿಂಗಪ್ಪ, ಬಾಗಿಲಿನ ಚೌಕಟ್ಟು ಹಿಡಿದುಕೊಂಡು. "ನಿನ್ನೆ ಎರಡು ಸಲ ವಾಂತಿ ಮಾಡ್ಕೊಂಡಳು. ಗಂಜಿ ಮಾತ್ರ ಸೇರುತ್ತೆ. ಕೂತ್ಕೊಳ್ಳಿ ಸಾರ್, ಕಾಫಿ ತರ್ತೀನಿ."

ಬಂದವರಿಗೆ ಕಾಫಿ ಕೊಡುವುದು ರೋಗಿಯಲ್ಲದವರ ಕರ್ತವ್ಯ. ಅವರು ಅಡಿಗೆಮನೆಗೆ ಹೋಗಿ, ಸ್ಟವ್ ಹಚ್ಚಿ, ಲೋಟ ಹಿಡಿದು ಬಂದರು. ನಡುಮನೆಯ ಮಧ್ಯದಲ್ಲಿ ಕಾಲು ಕುಸಿಯಿತು. ರೋಗಿಯು ಕಂಬಳಿ ಎಸೆದು ಹಾರಿಬಂದು ಅವರನ್ನು ಹಿಡಿದುಕೊಂಡಳು. ಕಾಫಿ ಇಬ್ಬರ ಮೇಲೂ ಚೆಲ್ಲಿತು. ನೆಲದ ಮೇಲೆ ಕುಳಿತು, ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅಷ್ಟು ದಿನ ತಡೆದಿದ್ದ ಅಳುವನ್ನೆಲ್ಲ ಗಿರಿಜಾದೇವಿ ಆಗ ಅತ್ತರು.

ರೇವಣಸಿದ್ದಯ್ಯನವರು ಎದ್ದು ಬಂದು ಸೋಮಲಿಂಗಪ್ಪನವರ ತೋಳುಗಳ ಕೆಳಗೆ ಕೈ ಹಾಕಿ ಮಂಚದ ಮೇಲೆ ಮಲಗಿಸಿದರು.

"ರೋಗಿ ಹೀಗೆಲ್ಲ ಎದ್ದು ಓಡಾಡಬಾರದು ತಾಯಿ" ಎಂದರು ಗಿರಿಜಾದೇವಿಗೆ. ಆಮೇಲೆ ಕಪ್ಪು ಕನ್ನಡಕ ತೆಗೆದರು. ಅವರ ಕಣ್ಣುಗಳು ಅರಿಶಿನದ ನೀರಿನಂತಿದ್ದವು. ಸಿಬ್ಬಂದಿಗೆ ಮಾದರಿಯಾಗಲೆಂದು ಅಧಿಕಾರಿಗಳಲ್ಲಿ ಅವರೊಬ್ಬರು ಮಾತ್ರ ದಿನವೂ ಗೇಟಿನಲ್ಲಿ ಎಲ್ಲರೆದುರು ಕುಡಿಯುತ್ತಿದ್ದರು.

"ನಮ್ಮ ಮನೆಯೋರಿಗೂ ಯಾಕೋ ಸ್ವಲ್ಪ ದಿನದಿಂದ ಕಣ್ಣು ಹಳದಿ" ಎಂದರು ತಗ್ಗಿದ ದನಿಯಲ್ಲಿ. "ಆ ಡಾಕ್ಟ್ರ ಕ್ಲಿನಿಕ್ ಎಲ್ಲಿ ಬರುತ್ತೆ?"

ಗಿರಿಜಾದೇವಿ ಸೆರಗಿನಿಂದ ಕಣ್ಣೊರೆಸಿಕೊಂಡು ದಾರಿ ಹೇಳಿದರು.

ಅಲ್ಲಿಂದ ಮುಂದೆ ಎಲ್ಲವೂ ಸುಸೂತ್ರವಾಯಿತು. ಸಿಬ್ಬಂದಿ ಅಧಿಕಾರಿಯವರ ಪತ್ನಿಗೆ ಕಾಮಾಲೆಯಾಯಿತು. ಬೈರಯ್ಯನ ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದರಿಂದ ಅವನ ಅತ್ತೆಗೆ ಆಯಿತು. ಪಾಲಿಶಿಂಗ್ ವಿಭಾಗದ ಅವಿವಾಹಿತರು ಇದೇ ಕಾರಣಕ್ಕೆ ಬೇಗಬೇಗ ಮದುವೆಯಾದರು. ಗೇಟಿನಲ್ಲಿ ಚೂರ್ಣ ಹಂಚುವುದು ನಿಲ್ಲಲಿಲ್ಲ. ಎಲ್ಲರೂ ಲೋಟ ತೆಗೆದುಕೊಂಡು, ನಮಸ್ಕರಿಸಿ, ಕ್ರೋಟನ್ ಗಿಡಗಳ ಬುಡಕ್ಕೆ ಸುರಿದು ಒಳಗೆ ಹೋಗುತ್ತಿದ್ದರು. ಕ್ರೋಟನ್ ಗಿಡಗಳು ಹಳದಿಯಾದವು. ಅದು ಅವುಗಳ ಜಾತಿಗುಣವೆಂದು ಮಾಲಿ ಹೇಳಿದ. ಚಳಿಗಾಲದಲ್ಲಿ ಗೋಪೀನಾಥರ ಪಿತ್ತಕೋಶದಲ್ಲಿ ಕಲ್ಲು ಕಾಣಿಸಿತು. ಕಾಯಿಲೆಯಿಲ್ಲದ ಸಂಸ್ಥೆಯ ಮುಖ್ಯಸ್ಥರಿಗೆ ಅದು ಶೋಭಿಸದ ಕಾರಣ ಕಲ್ಲನ್ನು ಬಾಮೈದ ಸೇತುರಾಮನ ಹೆಸರಿಗೆ ವರ್ಗಾಯಿಸಲಾಯಿತು. ಹೊಲಿಗೆ ಮಾತ್ರ ಗೋಪೀನಾಥರ ಹೊಟ್ಟೆಯ ಮೇಲೆ ಬಿತ್ತು.

ಗಣರಾಜ್ಯೋತ್ಸವದಂದು ನಿಗಮಕ್ಕೆ ಆರೋಗ್ಯ ಫಲಕ ದೊರೆಯಿತು. ನೌಕರರ ಕುಟುಂಬಗಳಲ್ಲಿ ಮಾತ್ರ ಇಷ್ಟೊಂದು ಕಾಯಿಲೆಯೇಕೆಂದು ಫಲಕ ಕೊಡಲು ಬಂದಿದ್ದ ಅತಿಥಿಗಳು ವಿಚಾರಿಸಿದರು. ಕುಟುಂಬದವರು ಆರೋಗ್ಯಛತ್ರ ಸೇವಿಸದಿರುವುದೇ ಕಾರಣವೆಂದು ಗೋಪೀನಾಥರು ವಿವರಿಸಿದಾಗ ಅತಿಥಿಗಳಿಗೆ ಅದು ಮನದಟ್ಟಾಯಿತು. ಅವರು ಹೊರಡುವಾಗ ಕೆಲವು ಡಬ್ಬಿಗಳನ್ನು ಕಾರಿನಲ್ಲಿ ಇಡಿಸಲಾಯಿತು.

ಸೋಮಲಿಂಗಪ್ಪನವರು ನಿಧಾನವಾಗಿ ಚೇತರಿಸಿಕೊಂಡು ಕೆಲಸಕ್ಕೆ ಮರಳಿದರು. ಹೆಂಡತಿ ಗುಣಮುಖಳಾದದ್ದಕ್ಕೆ ಸಹೋದ್ಯೋಗಿಗಳು ಅವರ ಕೈ ಕುಲುಕಿದರು. ಲಿವರ್ ಪೂರ್ತಿ ಸರಿಹೋಗುವವರೆಗೆ ಆಗಾಗ ಬಂದು ತೋರಿಸಬೇಕೆಂದು ಡಾಕ್ಟರು ಹೇಳಿದ್ದರು. ಗಂಡ ಹೆಂಡತಿ ಇಬ್ಬರೂ ಬರುತ್ತಿದ್ದರು. ಡಾಕ್ಟರು ಸೋಮಲಿಂಗಪ್ಪನವರ ಹೊಟ್ಟೆ ಒತ್ತಿ ನೋಡಿ, ಗಿರಿಜಾದೇವಿಯವರ ಹೆಸರಿನ ಚೀಟಿ ತೆಗೆದು, ಗಿರಿಜಾದೇವಿಯವರನ್ನೇ ಕೇಳುತ್ತಿದ್ದರು.

"ಹೇಗಿದೀರಮ್ಮ?"

"ಎಷ್ಟೋ ವಾಸಿ ಡಾಕ್ಟ್ರೇ. ಚೆನ್ನಾಗಿ ಹಸಿವಾಗುತ್ತೆ, ನಿದ್ದೆ ಬರುತ್ತೆ. ಮೊದಲು ಗಡ್ಡ ಹೆರ್ಕೊಳ್ಳುವಾಗ ಬ್ಲೇಡು ತಾಗಿದ್ರೆ ರಕ್ತ ನಿಲ್ತಾನೇ ಇರ್ಲಿಲ್ಲ. ಈಗ ಬೇಗ ನಿಲ್ಲುತ್ತೆ."

"ಒಳ್ಳೇದು" ಎಂದು ಡಾಕ್ಟರು ಹಾಗೆಯೇ ಬರೆದುಕೊಂಡರು.