ಚಾರುಲತಾ ಅವರ ಕಿರೀಟಧಾರಣೆ

ಮನುಷ್ಯ ಅಳಿದರೂ ಹೆಸರು ಉಳಿಯುತ್ತದೆ ಎಂದು ತಿಳಿದವರು ಹೇಳಿದ್ದಾರೆ. ಒಂದೇ ಹೆಸರಿನವರು ಇಬ್ಬರಿದ್ದರೆ ಏನು ಮಾಡಬೇಕೆಂದು ಮಾತ್ರ ಹೇಳಿಲ್ಲ!

ತಮಿಳು ಸೀಮೆಯ ವೆಸ್ಟ್ ಮಾಂಬಲಂನ ನಮ್ಮ ಕನ್ನಡ ಬಳಗಕ್ಕೆ ನಾನು ಹೊಸ ಕಾರ್ಯದರ್ಶಿ. "ವಾರ್ಷಿಕೋತ್ಸವ ನೆಟ್ಟಗೆ ಮುಗಿಸಿ. ಇಲ್ಲಾಂದ್ರೆ ಈ ಪದವಿ ಪದ್ಮನಾಭಯ್ಯನಿಗೆ" ಎಂದು ಅಧ್ಯಕ್ಷ ಶೇಷಗಿರಿರಾಯರು ಎಚ್ಚರಿಸಿದ್ದರು. ರಸಾಯನಶಾಸ್ತ್ರದ ಪ್ರೊಫೆಸರ್ ಚಾರುಲತಾ ಅವರನ್ನು ಮುಖ್ಯ ಅತಿಥಿಯಾಗಿ ಒಪ್ಪಿಸಿದ್ದೂ ಅವರೇ. ಪರಿಚಯ, ಸನ್ಮಾನ ಮಾತ್ರ ನನ್ನ ಪಾಲಿಗೆ.

ಮೊಬೈಲಿನಲ್ಲಿ ಹೆಸರು ಹುಡುಕಿದೆ. ರಸಾಯನಶಾಸ್ತ್ರ ಬಂತು. ಅದರ ಕೆಳಗೇ ಸೌಂದರ್ಯ ಸ್ಪರ್ಧೆಯ ಕಿರೀಟವೂ ಬಂತು! ಎಂಥ ಮಹಿಳೆ!

"ರೀ, ಇಬ್ಬರು ಬೇರೆ ಬೇರೆ ಇರಬಹುದಲ್ವಾ?" ಎಂದಳು ಹೆಂಡತಿ ಸರೋಜ.

"ನಿನಗೆ ಹೆಣ್ಣಿನ ಸಾಧನೆಯ ಮೇಲೆ ನಂಬಿಕೆಯೇ ಇಲ್ಲ" ಎಂದು ಗದರಿದೆ.

ಎಲ್ಲರಿಗೂ ತೊಡಿಸುವ ಮೈಸೂರು ಪೇಟ ಇಂಥವರಿಗೆ ಸಪ್ಪೆಯೆನಿಸಿತು. ನಾಟಕದ ಸಾಮಾನು ಬಾಡಿಗೆಗೆ ಕೊಡುವ ಅಂಗಡಿಯಿಂದ ಕಿರೀಟವೊಂದನ್ನು ತಂದೆ. ವೇದಿಕೆಯ ಹಿಂದೆ ಅದರ ಹರಳುಗಳು ಉದುರಿದವು. ಕ್ಷಣದಲ್ಲಿ ಹಿಡಿಯುವ ಗಮ್ ಹಾಕಿ ಅಂಟಿಸಿದೆ. ಸ್ವಲ್ಪ ಧಾರಾಳವಾಗಿಯೇ ಹಾಕಿದೆ.

ಅತಿಥಿಗಳು ಆಟೋದಿಂದ ಇಳಿದರು. ಅರವತ್ತು ದಾಟಿದ ವಯಸ್ಸು, ದಪ್ಪ ಕನ್ನಡಕ, ಹತ್ತಿ ಸೀರೆ. ಮೊಬೈಲಿನ ಚಿತ್ರದಲ್ಲಿದ್ದವರು ಎಳೆಯ ತರುಣಿ. 'ಕಾಲ ಯಾರನ್ನು ಬಿಟ್ಟಿದೆ!' ಎಂದು ಅವರನ್ನು ಮನಸ್ಸಿನಲ್ಲೇ ಕ್ಷಮಿಸಿದೆ.

ಮೈಕು ಹಿಡಿದು, "ಒಂದು ಕಾಲದಲ್ಲಿ ಜಗದೇಕ ಸುಂದರಿಯಾಗಿದ್ದ ಈ ಮಹನೀಯರು..." ಎಂದು ಆರಂಭಿಸಿದೆ. ಪ್ರೊಫೆಸರ್ ಕನ್ನಡಕ ಸರಿಮಾಡಿಕೊಂಡು ನನ್ನನ್ನೇ ನೋಡಿದರು.

ಮುಂದಿನ ಸಾಲಿನಿಂದ ರಾಯರ ಮೊಮ್ಮಗಳು ತಮಿಳಿನಲ್ಲೇ ಕೂಗಿದಳು: "ಅಂಕಲ್, ಅದು ವೇರೆ ಚಾರುಲತಾ!"

ತಕ್ಷಣ ತಿದ್ದಿದೆ: "ಕ್ಷಮಿಸಬೇಕು. ಇವರು ಯಾವ ಕಾಲದಲ್ಲೂ ಸುಂದರಿಯಾಗಿರಲಿಲ್ಲ!"

ಈ ತಿದ್ದುಪಡಿಯ ಬಳಿಕ ಇನ್ನು ಮಾತು ಅಪಾಯವೆಂದು ಮನಗಂಡು, ಸೀದಾ ಹೋಗಿ ಕಿರೀಟ ತೊಡಿಸಿಬಿಟ್ಟೆ. ಕಿರೀಟ ಕೂತಿತು. ಮತ್ತೆ ಏಳಲಿಲ್ಲ! ಇನ್ನೂ ಒಣಗದ ಗಮ್ ಒಳಗೂ ಇಳಿದು ಅವರ ಕೂದಲನ್ನು ಕಚ್ಚಿಕೊಂಡಿತ್ತು. ಎಳೆದೆ.

"ಅಯ್ಯೋ, ಎಳೀಬೇಡಿ ಮಾರಾಯ್ರೇ! ಏನು ಹಚ್ಚಿದ್ದೀರಿ ಇದಕ್ಕೆ?"

"ಗಮ್ಮು, ಮೇಡಂ."

ಅವರು ನಿಟ್ಟುಸಿರುಬಿಟ್ಟು ನನ್ನ ಕೈಯಿಂದ ಮೈಕು ಕಿತ್ತುಕೊಂಡರು. "ಯಾರ ಹತ್ರ ಆದ್ರೂ ನೇಲ್ ಪಾಲಿಶ್ ರಿಮೂವರ್ ಉಂಟಾ?"

ಮೊಮ್ಮಗಳ ಬ್ಯಾಗಿನಲ್ಲಿತ್ತು. ಪ್ರೊಫೆಸರ್ ಅದನ್ನು ಹತ್ತಿಗೆ ಹಾಕಿ ಒರೆಸಿಕೊಳ್ಳುತ್ತಲೇ ಪಾಠ ಶುರುಮಾಡಿದರು. "ಮಕ್ಕಳೇ, ಇದರಲ್ಲಿರೋದು ಅಸಿಟೋನ್. ಗಟ್ಟಿಯಾದ ಗಮ್ಮನ್ನು ಮೆತ್ತಗೆ ಮಾಡ್ತದೆ. ಸೌಂದರ್ಯಕ್ಕೂ ನನಗೂ ಇರೋ ಸಂಬಂಧ ಇಷ್ಟೇ." ಕಿರೀಟ ಕಳಚಿ ಬಂತು, ಒಂದಷ್ಟು ಬಿಳಿ ಕೂದಲಿನ ಸಮೇತ. ಬಳಗದ ಇತಿಹಾಸದಲ್ಲೇ ಅಂಥ ಚಪ್ಪಾಳೆ ಬಿದ್ದಿರಲಿಲ್ಲ.

ನಾನು ಹಿಗ್ಗಿ ರಾಯರತ್ತ ಓಡಿದೆ. "ಹೇಗಿತ್ತು ರಾಯರೇ, ಕಾರ್ಯಕ್ರಮ?"

"ಅವರದು ಚೆನ್ನಾಗಿತ್ತು" ಎಂದರು ರಾಯರು.

ಈಗ ಪದ್ಮನಾಭಯ್ಯ ಕಾರ್ಯದರ್ಶಿ. ನಾನು ಸಭೆಗೆ ಕುರ್ಚಿ ಹಾಕಿಸುತ್ತೇನೆ.